ತೋಟದಂಚಿನ ಮರ ಹೆಬ್ಬಲಸೇ? ಪತ್ತೆ ಮಾಡುವುದು ಹೀಗೆ

ಕಾಂಡ ನೇರಕ್ಕೆ ಮೇಲೇರಿದೆ. ಮೊದಲ ಕೊಂಬೆಯೇ ಕತ್ತು ನೋಯುವಷ್ಟು ಎತ್ತರದಲ್ಲಿದೆ. ಕೆಳಗೆ ನಿಂತವರಿಗೆ ಎಲೆಯೂ ಸರಿಯಾಗಿ ಕಾಣುವುದಿಲ್ಲ, ಕಾಯಿಯೂ ಕಾಣುವುದಿಲ್ಲ. ಇದು ಹಲಸೋ, ಹೆಬ್ಬಲಸೋ, ವಾಟೆಹುಳಿಯೋ? ಮರ ಹತ್ತಬೇಕಿಲ್ಲ, ಹಣ್ಣಿನ ಕಾಲಕ್ಕೆ ಕಾಯಬೇಕಾಗಿಯೂ ಇಲ್ಲ. ಬುಡದಲ್ಲಿ ಬಿದ್ದಿರುವುದನ್ನು ಹೆಕ್ಕಿ ನೋಡಿದರೆ ಬಹುಪಾಲು ಕೆಲಸ ಮುಗಿಯುತ್ತದೆ.

ಹೆಬ್ಬಲಸು ಪಶ್ಚಿಮ ಘಟ್ಟದ ಮಳೆಕಾಡಿನದೇ ಮರ. ಸಹಜವಾಗಿ ಬೇರೆಲ್ಲೂ ಬೆಳೆಯುವುದಿಲ್ಲ. ತುಳುವರಿಗೆ ಇದು ಪೆಜ, ಮಲಯಾಳಿಗಳಿಗೆ ಆಂಜಿಲಿ. ಸಸ್ಯಶಾಸ್ತ್ರದವರು ಇಟ್ಟ ಹೆಸರು ಆರ್ಟೊಕಾರ್ಪಸ್ ಹಿರ್ಸುಟಸ್.

ಮೊದಲು ಹಾಲು ನೋಡಿ

ಈಗಷ್ಟೇ ಉದುರಿದ ಹಸಿ ಎಲೆಯ ತೊಟ್ಟನ್ನು ಮುರಿಯಿರಿ. ಬಿಳಿ ಸೊನೆ ಜಿನುಗಬೇಕು, ಬೆರಳಿಗೆ ಅಂಟಬೇಕು. ಇದಕ್ಕಾಗಿ ಕಾಂಡಕ್ಕೆ ಕತ್ತಿ ಹಾಕುವವರಿದ್ದಾರೆ. ಸುಮ್ನೆ ಮರಕ್ಕೆ ಗಾಯ, ಅಷ್ಟೇ.

ಆದರೆ ಹಾಲೊಂದರಿಂದಲೇ ತೀರ್ಮಾನ ಮಾಡಬೇಡಿ. ಹಲಸು, ವಾಟೆ, ಆಲ, ಅತ್ತಿ ಎಲ್ಲದರಲ್ಲೂ ಹಾಲಿದೆ. ಎಲ್ಲವೂ ಒಂದೇ ಕುಟುಂಬದವು.

ಆಮೇಲೆ ಕಡ್ಡಿಯ ಬಳೆ

ಎಲೆಗಳಿರುವ ಎಳೆ ಕಡ್ಡಿಯೊಂದನ್ನು ಹುಡುಕಿ. ಗಾಳಿ ಬೀಸಿದ ಮರುದಿನ ಹೋದರೆ ಸುಲಭವಾಗಿ ಸಿಗುತ್ತದೆ. ಪ್ರತಿ ಎಲೆಯ ಬುಡದಲ್ಲೂ ಕಡ್ಡಿಯ ಸುತ್ತ ಬಳೆ ತೊಡಿಸಿದ ಹಾಗೆ ಒಂದು ಗೆರೆ ಇರುತ್ತದೆ. ತುದಿಯ ಚಿಗುರನ್ನು ಮುಚ್ಚಿರುವ ಪೊರೆ ಕಳಚಿ ಬಿದ್ದಾಗ ಉಳಿಯುವ ಗುರುತು ಅದು. ಗೆರೆ ಪೂರ್ತಿ ಸುತ್ತು ಬಂದಿದ್ದರೆ ಅದು ವಾಟೆಯಲ್ಲ. ಉಳಿದದ್ದು ಹಲಸು ಅಥವಾ ಹೆಬ್ಬಲಸು. ಆಲ, ಅತ್ತಿಗಳಲ್ಲೂ ಇಂಥದೇ ಗೆರೆ ಇರುತ್ತದೆ, ನಿಜ. ಆದರೆ ಅವುಗಳ ಕಾಯಿ ನೋಡಿದರೆ ಯಾರೂ ಮೋಸ ಹೋಗುವುದಿಲ್ಲ.

ಈಗ ಎಲೆ ಮಗುಚಿ

ಎಲ್ಲಕ್ಕಿಂತ ನಂಬಬಹುದಾದ ಗುರುತು ಇದು. ಹಲಸಿನೆಲೆಯ ಮೇಲ್ಬದಿ ನುಣುಪು, ಹಿಂಬದಿಯಲ್ಲೂ ಎದ್ದು ಕಾಣುವ ರೋಮವಿಲ್ಲ. ಹೆಬ್ಬಲಸಿನದು ಹಾಗಲ್ಲ. ಹಿಂಬದಿಯ ನರಗಳ ಮೇಲೆ ಬೆರಳಾಡಿಸಿದರೆ ರೋಮ ತಾಗುತ್ತದೆ. ಎಳೆ ಕಡ್ಡಿಯ ಮೇಲೂ ರೋಮ ಇರುತ್ತದೆ. ಕಣ್ಣಿಗೆ ಕಾಣದಿದ್ದರೆ ಕಡ್ಡಿಯನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿ, ಅಂಚಿನಲ್ಲಿ ಎದ್ದು ಕಾಣುತ್ತದೆ.

ಬುಡದಲ್ಲಿ ಸಸಿಗಳಿದ್ದರೆ ಅವನ್ನೂ ಗಮನಿಸಿ. ದೊಡ್ಡ ಮರದ ಎಲೆ ಸೀಳಿಲ್ಲದ ಅಂಡಾಕಾರ. ಸಸಿಯ ಎಲೆಯೋ, ಜೀಗುಜ್ಜೆಯ (ಬ್ರೆಡ್‌ಫ್ರೂಟ್) ಎಲೆಯಂತೆ ಆಳವಾಗಿ ಸೀಳಿರುತ್ತದೆ! ಇದು ಬೇರೆ ಗಿಡ ಎಂದು ಕಿತ್ತು ಬಿಸಾಡುವವರೇ ಜಾಸ್ತಿ. ಬೆಳೆಯುತ್ತಾ ಸೀಳು ತಾನಾಗಿ ಕಡಿಮೆಯಾಗುತ್ತದೆ.

ಹೂ, ಕಾಯಿ ಸಿಕ್ಕರೆ ಅನುಮಾನವೇ ಇಲ್ಲ

ಚಳಿಗಾಲ ಮುಗಿಯುವ ಹೊತ್ತಿಗೆ ಬುಡದಲ್ಲಿ ಗೇಣುದ್ದದ, ಬೆರಳಿಗಿಂತ ತೆಳ್ಳನೆಯ ಬತ್ತಿಗಳು ಬಿದ್ದಿರುತ್ತವೆ. ಅವು ಗಂಡು ಹೂಗೊಂಚಲು. ಹಲಸಿನ ಗಂಡು ಹೂ ಗಿಡ್ಡ, ದಪ್ಪ, ಇಷ್ಟುದ್ದ ಜೋತುಬೀಳುವುದಿಲ್ಲ. ಒಣಗಿದ ಈ ಬತ್ತಿಗೆ ಕಿಡಿ ತಾಗಿಸಿ ಸೊಳ್ಳೆ ಓಡಿಸುವ ರೂಢಿ ಕೇರಳದ ಹಳ್ಳಿಗಳಲ್ಲಿದೆ.

ಹೆಣ್ಣು ಹೂ ಅದೇ ಮರದಲ್ಲಿ ಬೇರೆಯಾಗಿ, ಗುಂಡಗೆ ಬಿಡುತ್ತದೆ. ಅದೇ ಕಾಯಾಗುವುದು. ಹಲಸಿನ ಕಾಯಿ ಕಾಂಡಕ್ಕೇ ಅಂಟಿಕೊಂಡಿರುತ್ತದಲ್ವಾ, ಇದರದು ಮೇಲೆ ಎಳೆ ರೆಂಬೆಗಳಲ್ಲಿ. ಮುಷ್ಟಿಯಷ್ಟೇ ಗಾತ್ರ, ಮೈತುಂಬ ಮುಳ್ಳು. ಬೇಸಿಗೆ ಕೊನೆಗೆ ಹಳದಿ-ಕೇಸರಿಗೆ ತಿರುಗುತ್ತದೆ. ಒಳಗಿನ ಪುಟ್ಟ ತೊಳೆ ಹುಳಿ-ಸಿಹಿ. ಬೀಜ ಹುರಿದು ತಿಂದರೆ ಹಣ್ಣಿಗಿಂತ ಅದೇ ರುಚಿ ಎನ್ನುವವರ ಕಡೆಗೆ ನನ್ನ ಮತ.

ನಾಟಾ ಮುಂದಿದ್ದರೆ

ಮನೆಯ ಹಳೇ ತೊಲೆ, ಬಾಗಿಲು ಹೆಬ್ಬಲಸಿನದೇ ಎಂದು ನೋಡಬೇಕಿದ್ದರೆ ಬಣ್ಣ ಗಮನಿಸಿ. ಹೊಸದಾಗಿ ಕೊಯ್ದ ಚೇಗು (ಕಾಂಡದ ಒಳಗಿನ ಗಟ್ಟಿ ಭಾಗ) ಹೊಂಬಣ್ಣ, ವರ್ಷ ಕಳೆದಂತೆ ಕಂದು. ಹಲಸಿನ ನಾಟಾವೂ ಹಳದಿಯೇ, ಆದ್ದರಿಂದ ಬಣ್ಣವೊಂದನ್ನೇ ನೆಚ್ಚದೆ ಅನುಭವಿ ಬಡಗಿಯ ಕೈಗೆ ಕೊಡಿ. ಗೆದ್ದಲು ಇದರ ತಂಟೆಗೆ ಬರುವುದು ಕಡಿಮೆ, ನೀರನ್ನೂ ತಡೆಯುತ್ತದೆ. ಕೇರಳದ ನೂರಡಿಗೂ ಉದ್ದದ ಹಾವು ದೋಣಿಗಳನ್ನು ಇದರಿಂದಲೇ ಕಟ್ಟುವುದು. ಅಷ್ಟುದ್ದದ, ಗಂಟಿಲ್ಲದ ಹಲಗೆ ಕೊಡುವ ಮರ ಎಲ್ಲೆಡೆ ಸಿಗುತ್ತದೆಯೇ?

ಸಸಿ ಮಾಡುವುದಾದರೆ

ಪೂರ್ತಿ ಹಣ್ಣಾಗಿ ಬಿದ್ದದ್ದನ್ನೇ ಆರಿಸಿ. ತೊಳೆ ಬಿಡಿಸಿ, ಬೀಜ ತೊಳೆದು, ಆ ವಾರದಲ್ಲೇ ಬಿತ್ತಿ. ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟರೆ ಬೀಜ ಸತ್ತಂತೆ. ಚೀಲಕ್ಕೆ ಮಣ್ಣು, ಕೊಳೆತ ಸಗಣಿ ಗೊಬ್ಬರ ತುಂಬಿ ನೆರಳಲ್ಲಿಡಿ. ಹುರಿದು ತಿನ್ನುವ ಆಸೆಯಲ್ಲಿ ಇಲಿ, ಅಳಿಲುಗಳೂ ಹೊಂಚು ಹಾಕುತ್ತವೆ ಎಂದು ತಮಾಷೆ ಮಾಡುತ್ತಾರೆ. ಹುರಿಯುವುದೊಂದು ಬಿಟ್ಟು ಉಳಿದದ್ದು ನಿಜ. ಮೇಲೆ ಬಲೆ ಮುಚ್ಚಿ. ಮುಂದಿನ ಮಳೆಗಾಲ ಹಿಡಿದ ಮೇಲೆ ತೋಟದಂಚಿಗೆ ನೆಡಿ, ಮನೆಯಿಂದ ಸಾಕಷ್ಟು ದೂರ.