ಬಿದರಿ ಕಲಾವಿದರ ಕೆಲಸವನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುವ ಬಗೆ

ಬೀದರಿನ ಬಿದರಿ ಕಲಾವಿದರು ಕೆಲಸದಲ್ಲಿ ತೊಡಗಿರುವಾಗ ಚಿತ್ರ ತೆಗೆಯಬೇಕೆನ್ನುವವರು ಕ್ಯಾಮೆರಾ ಎತ್ತಿಕೊಳ್ಳುವ ಮೊದಲು ಆ ಕೆಲಸದ ಕ್ರಮವನ್ನು ತಿಳಿದುಕೊಳ್ಳಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ; ಆ ಕಪ್ಪಿನ ಮೇಲೆ ವಿನ್ಯಾಸ ಬಿಡಿಸಿ, ಉಳಿಯಿಂದ ಕೊರೆದು, ಕೊರೆದ ಜಾಗದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಈ ಕ್ರಮ ಗೊತ್ತಿದ್ದರೆ ಕೈ ಮುಂದೆ ಎಲ್ಲಿಗೆ ಹೋಗುತ್ತದೆಂದು ಊಹಿಸಿ ಅಲ್ಲಿಯೇ ಫೋಕಸ್ ಇಟ್ಟು ಕಾಯಬಹುದು.

ಅನುಮತಿ ಪಡೆದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕುಳಿತಿರುವುದು ಒಳ್ಳೆಯದು. ಅವರು ನೆಲದ ಮೇಲೆ ಕುಳಿತಿದ್ದರೆ ನೀವೂ ನೆಲದ ಮೇಲೆಯೇ ಕುಳಿತುಕೊಳ್ಳಿ. ನಿಂತು ತೆಗೆದ ಚಿತ್ರದಲ್ಲಿ ತಲೆ ಮತ್ತು ಬೆನ್ನು ಕಾಣುತ್ತವೆಯೇ ಹೊರತು ಕಣ್ಣು ಮತ್ತು ಉಳಿಯ ಮೊನೆ ಒಟ್ಟಿಗೆ ಸಿಗುವುದಿಲ್ಲ.

ಫ್ಲ್ಯಾಶ್ ಬೇಡವೇ ಬೇಡ. ಅದು ಕೊರೆಯುವವರ ಏಕಾಗ್ರತೆಯನ್ನು ಕೆಡಿಸುತ್ತದೆ, ಲೋಹದ ಮೇಲೆ ಬಿಳಿ ಚುಕ್ಕೆಯಾಗಿ ಪ್ರತಿಫಲಿಸುತ್ತದೆ. ಕಿಟಕಿಯಿಂದಲೋ ಬಾಗಿಲಿನಿಂದಲೋ ಓರೆಯಾಗಿ ಬೀಳುವ ಬೆಳಕಿನಲ್ಲಿ ಗೆರೆಗಳ ಆಳ ಚೆನ್ನಾಗಿ ಕಾಣುತ್ತದೆ. ಕಪ್ಪು ಪಾತ್ರೆ ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಬಣ್ಣಕ್ಕೆ ತರಲು ಯತ್ನಿಸಿ ಬೆಳ್ಳಿಯ ವಿವರಗಳನ್ನು ಅಳಿಸಿಬಿಡುವುದರಿಂದ, ಎಕ್ಸ್‌ಪೋಷರನ್ನು, ಎಂದರೆ ಚಿತ್ರಕ್ಕೆ ಒದಗುವ ಬೆಳಕನ್ನು, ಒಂದು ಸ್ಟಾಪ್‌ನಷ್ಟು (ಅರ್ಧಕ್ಕೆ) ತಗ್ಗಿಸಿ ಪರೀಕ್ಷಿಸಬೇಕು. ಸುತ್ತಿಗೆಯ ಏಟನ್ನು ಸ್ಥಿರವಾಗಿ ಹಿಡಿಯಲು 1/500 ಸೆಕೆಂಡಿನ ಷಟರ್ ವೇಗ ಬೇಕಾಗುತ್ತದೆ. ನನಗಾದರೋ 1/30ರಲ್ಲಿ ಸುತ್ತಿಗೆ ಮಸುಕಾಗಿ, ಉಳಿ ಹಿಡಿದ ಬೆರಳುಗಳು ಮಾತ್ರ ಸ್ಪಷ್ಟವಾಗಿರುವ ಚಿತ್ರವೇ ಹೆಚ್ಚು ಸತ್ಯವೆನಿಸುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಸಿದ್ಧತೆ ಬೇಕಿರುವುದು ಕೊನೆಯ ಹಂತಕ್ಕೆ. ಮೊದಲಿನ ತಾತ್ಕಾಲಿಕ ಕಪ್ಪು ಹೋಗುವಂತೆ ಉಜ್ಜಿ ಹೊಳಪು ಕೊಟ್ಟ ಪಾತ್ರೆಯಲ್ಲಿ ಸತುವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣವಾಗಿರುವುದರಿಂದ ಅಷ್ಟು ದಿನಗಳ ಕುಸುರಿ ಕಣ್ಣಿಗೇ ಬೀಳುವುದಿಲ್ಲ. ಅದನ್ನು ಬಿಸಿ ಮಾಡಿ, ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರವೆಂಬ ಲವಣದ ನೀರಿನಲ್ಲಿ ಕಲಸಿ ಉಜ್ಜಿದಾಗ ಸತುವಿನ ಭಾಗ ಅಚ್ಚಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಉಳಿಯುತ್ತದೆ. ಈ ಬದಲಾವಣೆಯನ್ನು ತೋರಿಸಲು ಕ್ಯಾಮೆರಾವನ್ನು ಮುಂಚೆಯೇ ಟ್ರೈಪಾಡಿನ ಮೇಲೆ ನಿಲ್ಲಿಸಿ, ಎಕ್ಸ್‌ಪೋಷರನ್ನು ಮ್ಯಾನುಯಲ್‌ನಲ್ಲಿ ಸ್ಥಿರಗೊಳಿಸಿ, ಮಣ್ಣು ಹಚ್ಚುವ ಮುನ್ನ, ಹಚ್ಚುವಾಗ ಮತ್ತು ತೊಳೆದ ಮೇಲೆ ಒಂದೇ ಜಾಗದಿಂದ ಚಿತ್ರ ತೆಗೆಯಿರಿ. ಮಣ್ಣು ಮೆತ್ತಿದ ಕೈಗಳಿಗೂ ಚೌಕಟ್ಟಿನಲ್ಲಿ ಜಾಗವಿರಲಿ.

ಪ್ರಕಟಿಸುವ ಮುನ್ನ ಚಿತ್ರಗಳನ್ನು ಅವರಿಗೆ ತೋರಿಸಿ, ಇನ್ನೂ ಮಾರುಕಟ್ಟೆಗೆ ಬಾರದ ವಿನ್ಯಾಸವೇನಾದರೂ ಅವುಗಳಲ್ಲಿದೆಯೇ ಎಂದು ಕೇಳಿ. ಒಪ್ಪಿದರೆ ಅಡಿಬರಹದಲ್ಲಿ ಅವರ ಹೆಸರನ್ನು ಅವರು ಹೇಳಿದಂತೆಯೇ ಬರೆಯಿರಿ.