ಡೇಕೇರ್ ಸಹಾಯಧನ: ನೋಡುವುದು ಮಗುವಿನ ಪೌರತ್ವವನ್ನು

ಅಮೆರಿಕದಲ್ಲೇ ಹುಟ್ಟಿದ ಮಗು ಇದ್ದರೆ, ನಾವಿನ್ನೂ ವೀಸಾದಲ್ಲಿದ್ದೇವೆ ಅಂತ ಡೇಕೇರ್ ಸಹಾಯಧನದ ಆಸೆ ಬಿಡಬೇಡಿ. 211 ಸಹಾಯವಾಣಿಗೆ ಫೋನ್ ಮಾಡಿ, ನಿಮ್ಮ ರಾಜ್ಯದಲ್ಲಿ ಅರ್ಜಿ ಎಲ್ಲಿ ಹಾಕಬೇಕು ಅಂತ ಕೇಳಿ. ಈ ಸಹಾಯಧನಕ್ಕೆ ಫೆಡರಲ್ ಸರ್ಕಾರ ಕೊಡುವ ಸಿಸಿಡಿಎಫ್ (ಮಕ್ಕಳ ಆರೈಕೆ ನಿಧಿ) ದುಡ್ಡಿಗೆ ಮಗುವಿನ ಪೌರತ್ವ ನೋಡುತ್ತಾರೆ, ಅಪ್ಪ ಅಮ್ಮನದ್ದಲ್ಲ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಮೊದಲೇ ಹೇಳಿಬಿಡಿ. ಮನೆಯ ಆದಾಯ ರಾಜ್ಯದ ಮಿತಿ ದಾಟಿದರೆ ಸಿಗುವುದಿಲ್ಲ. ಐಟಿ ಸಂಬಳದವರಿಗೆ ಹೆಚ್ಚಾಗಿ ಇದೇ ಅಡ್ಡಿಯಾಗುತ್ತದೆ. ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿರಬೇಕು, ಇಲ್ಲವೇ ಓದುತ್ತಿರಬೇಕು. ಎಚ್‌-4 ವೀಸಾದಲ್ಲಿ (ಎಚ್-1ಬಿ ಉದ್ಯೋಗಿಯ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ) ಅಮ್ಮ ಮನೆಯಲ್ಲೇ ಇದ್ದರೆ ಕಷ್ಟ. ಇನ್ನೊಂದು ಮಾತು, ವಿಸಿಟರ್ ವೀಸಾದಲ್ಲಿ ಬಂದ ಅಜ್ಜಿಯ ಹೆಸರನ್ನು ಮಗು ನೋಡಿಕೊಳ್ಳುವವರು ಅಂತ ಬರೆಸಲೇಬೇಡಿ. ಅವರು ಕೆಲಸಕ್ಕೆ ಸಂಬಳ ತಗೊಳ್ಳುವಂತಿಲ್ಲ. ಕೆಲವು ಕಡೆ ವೇಟಿಂಗ್ ಲಿಸ್ಟ್ ಉದ್ದ ಇರುತ್ತದೆ, ಬೇಗ ಹೆಸರು ಬರೆಸಿ.