ಹಂಪ್‌ನಲ್ಲಿ ಕಾರಿನ ಅಡಿ ತಾಗುತ್ತಿದೆಯೇ? ಮನೆ ಅಂಗಳದಲ್ಲೇ ಪರೀಕ್ಷಿಸಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಒಳರಸ್ತೆಗಳಲ್ಲಿ ತಗ್ಗಿನ ಕಾರು ಓಡಿಸುವವರಿಗೆ ಅಡಿ ಉಜ್ಜುವ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯಂತೆ ಹಂಪ್ 10 ಸೆಂ.ಮೀ. ಎತ್ತರ, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕು. ಅಂಥದ್ದನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮವಾಗಿ ದಾಟಬಹುದು. ಅಡಿ ತಾಗುವುದು ಹೆಚ್ಚಾಗಿ ಅಗಲ ಕಡಿಮೆಯಿದ್ದು ನೆಟ್ಟಗೆ ಎದ್ದ ಹಂಪ್‌ಗಳಲ್ಲಿ. ರಸ್ತೆಯಿಂದ ತೋಟದ ಮನೆಗೆ ಇಳಿಯುವ ಜಾಗದಲ್ಲೂ ಅಷ್ಟೇ.

ಹಂಪ್‌ಗೆ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ. ಮುಂದಿನ ಚಕ್ರ ಹತ್ತುವ ಹೊತ್ತಿಗೆ ಕಾಲು ಬ್ರೇಕ್ ಮೇಲೆ ಇರಬಾರದು. ಬ್ರೇಕ್ ಒತ್ತಿದಾಗ ಕಾರಿನ ಮೂತಿ ಬಾಗುತ್ತದೆ, ಇರುವ ಎತ್ತರವೂ ಕಡಿಮೆಯಾಗುತ್ತದೆ. ಫಸ್ಟ್ ಗೇರಿನಲ್ಲಿ ಮೆಲ್ಲಗೆ ಹತ್ತಿಸಿ. ಮುಂದಿನ ಚಕ್ರ ಇಳಿಯಿತೆಂದು ತಕ್ಷಣ ಆಕ್ಸಿಲರೇಟರ್ ಒತ್ತಬೇಡಿ, ಹಿಂಭಾಗ ಕುಸಿದು ಸೈಲೆನ್ಸರ್ ಬಡಿಯುತ್ತದೆ. ಆದರೂ ತಾಗುವುದಾದರೆ ಓರೆಯಾಗಿ ದಾಟಿಸಿ, ಆದರೆ ಕನ್ನಡಿಯಲ್ಲಿ ಹಿಂದಿನ ಬೈಕ್ ನೋಡಿಕೊಂಡೇ. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಅಡಿಗೂ ಇರುವ ಅಂತರ) ಸಾಮಾನ್ಯವಾಗಿ ಖಾಲಿ ಕಾರಿನದ್ದು. ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಅಡಿಕೆ ಗೋಣಿ ಇದ್ದರೆ ಆ ಲೆಕ್ಕ ಬಿಡಿ. ಜೋರಾಗಿ ಬಡಿದರೆ ನಿಲ್ಲಿಸಿ, ಎಂಜಿನ್ ಕೆಳಗೆ ಆಯಿಲ್ ತೊಟ್ಟಿಕ್ಕುತ್ತಿದೆಯೇ ನೋಡಿ. ಆಯಿಲ್ ಲೈಟ್ ಹತ್ತಿದರಂತೂ ಎಂಜಿನ್ ಆಫ್ ಮಾಡಲೇಬೇಕು.

ಮೊದಲು ತಾಗದಿದ್ದ ಹಂಪ್‌ನಲ್ಲಿ ಈಗ ತಾಗುತ್ತಿದೆಯೇ? ಹಾಗಿದ್ದರೆ ಸಸ್ಪೆನ್ಷನ್ (ಕಾರಿನ ಭಾರ ಹೊತ್ತು ಕುಲುಕು ತಡೆಯುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳ ಜೋಡಣೆ) ಕಡೆಗೇ ಅನುಮಾನ ಪಡಬೇಕು.

ಕಾರನ್ನು ಸಮತಟ್ಟಾದ ಅಂಗಳದಲ್ಲಿ ಖಾಲಿ ನಿಲ್ಲಿಸಿ. ಚಕ್ರದ ನಡುವಿನಿಂದ ಮೇಲಿನ ಫೆಂಡರ್ (ಚಕ್ರದ ಮೇಲಿನ ಬಾಡಿ) ಅಂಚಿನವರೆಗೆ ಟೇಪಿನಲ್ಲಿ ಅಳೆಯಿರಿ. ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಸ್ಪ್ರಿಂಗ್ ಕುಸಿದಿರಬಹುದು, ತುಂಡಾಗಿರಲೂಬಹುದು. ತುಕ್ಕು ಹಿಡಿದ ಸ್ಪ್ರಿಂಗ್ ಹೆಚ್ಚಾಗಿ ತುದಿಯ ಸುತ್ತಿನಲ್ಲೇ ಮುರಿಯುತ್ತದೆ, ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ.

ಆಮೇಲೆ ಒಂದೊಂದು ಮೂಲೆಯನ್ನೂ ಜೋರಾಗಿ ಒತ್ತಿ ಬಿಡಿ. ಎದ್ದು, ಒಮ್ಮೆ ತಗ್ಗಿ ನಿಲ್ಲಬೇಕು. ಕುಣಿಯುತ್ತಲೇ ಇದ್ದರೆ ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್ ಮುಗಿದಿದೆ. ಇದರಲ್ಲಿ ಪಾಸಾದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಟೈರ್ ಮೇಲೆ ಅಂಗೈ ಸವರಿ ನೋಡಿ. ಅಲ್ಲಲ್ಲಿ ಗುಳಿ, ಅಲ್ಲಲ್ಲಿ ಉಬ್ಬು ಕೈಗೆ ಸಿಕ್ಕರೆ ಶಾಕ್ ಚಕ್ರವನ್ನು ಹಿಡಿದು ನಿಲ್ಲಿಸುತ್ತಿಲ್ಲ. ಶಾಕ್ ಮೇಲೆ ತೆಳ್ಳಗೆ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ. ಒದ್ದೆಯಾಗಿ ಕೆಂಪು ಧೂಳು ಮೆತ್ತಿಕೊಂಡಿದ್ದರೆ ಅದು ಲೀಕ್. ಬರೀ ಜಾಕ್ ನಂಬಿ ಕಾರಿನಡಿಗೆ ತಲೆ ಹಾಕಬೇಡಿ, ದಯವಿಟ್ಟು.

ಸದ್ದು ಎಷ್ಟೋ ವಿಷಯ ಹೇಳುತ್ತದೆ. ಗಾಜು ಇಳಿಸಿ, ರೇಡಿಯೋ ನಿಲ್ಲಿಸಿ, ಹೊಂಡದ ರಸ್ತೆಯಲ್ಲಿ ನಿಧಾನ ಓಡಿಸಿ. ಸಣ್ಣ ಹೊಂಡಕ್ಕೂ ಟಕ್ ಟಕ್ ಅಂದರೆ ಬಹುಪಾಲು ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳನ್ನು ಸಸ್ಪೆನ್ಷನ್‌ಗೆ ಜೋಡಿಸುವ ಸಣ್ಣ ಕೊಂಡಿ). ಇದು ಜಾಸ್ತಿ ಖರ್ಚಿನದಲ್ಲ. ಹಂಪ್ ಇಳಿಯುವಾಗ ಕಿರ್ರ್ ಅಂದರೆ ಬುಶ್‌ನ (ಸಸ್ಪೆನ್ಷನ್ನಿನ ಕೀಲುಗಳಲ್ಲಿ ಕೂರುವ ತೋಳು) ರಬ್ಬರು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಣ್ ಎಂದು ಜಿಗಿದರೆ ಸ್ಟ್ರಟ್ ಮೌಂಟ್ (ಮುಂದಿನ ಶಾಕ್‌ನ ಮೇಲ್ತುದಿಯನ್ನು ಬಾಡಿಗೆ ಹಿಡಿಸುವ ಭಾಗ) ನೋಡಿಸಿ. ಪೂರ್ತಿ ತಿರುಗಿಸಿ ಓಡಿಸುವಾಗ ಮಾತ್ರ ಕಟಕಟ ಅಂದರೆ ಅದು ಚಕ್ರಕ್ಕೆ ಎಂಜಿನ್ನಿನ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ನ ಜಾಯಿಂಟ್, ಸಸ್ಪೆನ್ಷನ್ನಿನದಲ್ಲ. ಈ ವ್ಯತ್ಯಾಸ ತಿಳಿಯದೆ ಗ್ಯಾರೇಜಿಗೆ ಹೋದರೆ ಬೇಡದ್ದನ್ನೂ ಬದಲಿಸಿ ಬರಬೇಕಾಗುತ್ತದೆ, ಅಲ್ವಾ?

ಎತ್ತರಕ್ಕೆಂದು ಸ್ಪ್ರಿಂಗ್ ನಡುವೆ ರಬ್ಬರ್ ತುರುಕಿಸುವುದನ್ನು ನಾನು ಒಪ್ಪುವುದಿಲ್ಲ. ಸ್ಪ್ರಿಂಗ್ ಕೆಲಸವೇ ಕೆಡುತ್ತದೆ.

ಶಾಕ್ ಬದಲಿಸುವುದಾದರೆ ಮುಂದಿನವು ಎರಡೂ, ಇಲ್ಲವೇ ಹಿಂದಿನವು ಎರಡೂ ಜೊತೆಯಾಗಿ ಬದಲಾಗಲಿ. ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಬುಶ್ ಹೊಸದು ಹಾಕಿದರೆ ಮೆಕ್ಯಾನಿಕ್ ಹತ್ತಿರ ಒಂದು ಮಾತು ಹೇಳಿ: ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ. ಚಕ್ರ ನೇತಾಡುವಾಗಲೇ ಬಿಗಿದರೆ, ಇಳಿಸಿದಾಗ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಅದಾದ ಮೇಲೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ.